ಗಾಲಿ ಮನೆಗೆ ಕೊಟ್ಟ ಸಂಚಕಾರ

ಕುಂದಾಣ
೪-೧೧-೧೯೭೩

ಚಿ. ಸೌ. ಆದಿಲಕ್ಷ್ಮಿಗೆ ನಿನ್ನ ಅಪ್ಪ ಪಿಳ್ಳಪ್ಪನ ಆಶೀರ್ವಾದ. ಇಲ್ಲಿ ನಾನು, ನಿನ್ನ ಅಮ್ಮ, ಎತ್ತುಗಳು ಎಲ್ಲರೂ ಚೆನ್ನಾಗಿದ್ದೇವೆ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಕನ್ನಡಕದ ದೋಷ ಇರಬಹುದು ಎಂದುಕೊಂಡೆ. ಒರೆಸಿಕೊಂಡು ಓದಿದರೂ ಅದೇ ಬರೆದಿತ್ತು. ನೆಲಮಂಗಲದ ಗುಜರಿ ನರಸಿಂಹಯ್ಯನ ಅಂಗಳದಲ್ಲಿ ಗಾಲಿ ಇರುವ ತಗಡಿನ ಮನೆಯೊಂದು ನಿಂತಿದೆಯಂತೆ. ಸರ್ವೆ ಕ್ಯಾಂಪಿನ ಯಾವನೋ ಇಂಜಿನಿಯರು ಅದರೊಳಗೆ ವಾಸ ಮಾಡುತ್ತಿದ್ದನಂತೆ. ಅದನ್ನು ಕೊಂಡು ನಿನ್ನ ಗಂಡ ತನ್ನ ರೋಡ್ ರೋಲರಿನ ಹಿಂದೆ ಕಟ್ಟಿಕೊಳ್ಳುತ್ತಾನಂತೆ. ರಸ್ತೆ ಕೆಲಸ ಎಲ್ಲೆಲ್ಲಿ ನಡೆಯುತ್ತದೋ ಅಲ್ಲಿಗೆಲ್ಲ ನೀನೂ ಮಗುವೂ ಅದರಲ್ಲಿ ಕೂತು ಹೋಗುತ್ತೀರಂತೆ. ನರಸಿಂಹಯ್ಯ ಎರಡೂವರೆ ಸಾವಿರ ಹೇಳುತ್ತಿದ್ದಾನೆ, ನೀವು ಬಂದು ನ್ಯಾಯವಾದ ಬೆಲೆಗೆ ಕುದುರಿಸಿಕೊಡಿ ಅಪ್ಪ ಎಂದು ಬರೆದಿದ್ದೀಯ.

ನಾನು ಮೂವತ್ತೆಂಟು ವರ್ಷ ಎತ್ತಿನ ದಳ್ಳಾಳಿ ಮಾಡಿದವನು. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬಾಯಿ ಬಿಡದೆ ಬೆರಳು ಹಿಡಿದೇ ಬೆಲೆ ಹೇಳಿ, ಪಕ್ಕದಲ್ಲಿ ನಿಂತವನಿಗೂ ತಿಳಿಯದ ಹಾಗೆ ಸಾವಿರಾರು ಜೋಡಿ ಎತ್ತು ಮಾರಿಸಿದ್ದೇನೆ. ಅಂಥವನು ಈಗ ಗುಜರಿಯವನ ಮುಂದೆ ನಿಂತು ಡಬ್ಬಕ್ಕೆ ಚೌಕಾಸಿ ಮಾಡಬೇಕು. ನೋಡಿದವರು ಏನೆಂದಾರು?

ನಿನ್ನ ಗಂಡನ ವ್ಯಾಪಾರ ನನಗೆ ಗೊತ್ತು. ಆ ರಾಮಾಂಜಿ ಸಂತೆಯಲ್ಲಿ ಸೌತೆಕಾಯಿ ಕೊಂಡರೆ ಮಾರುವವಳಿಗೇ ಅಯ್ಯೋ ಪಾಪ ಅನ್ನಿಸಿ ಒಂದು ಕಾಯಿ ಹೆಚ್ಚಿಗೆ ಹಾಕುತ್ತಾಳೆ. ಗಂಟೆಗೆ ಎರಡು ಮೈಲಿ ಹೋಗುವ ಗಾಡಿ ಓಡಿಸುವವನನ್ನೂ ಡ್ರೈವರ್ ಎಂದು ಕರೆಯುತ್ತಾರೆ, ಅದು ಅವನ ಕಂಟ್ರಾಕ್ಟರನ ದೊಡ್ಡ ಮನಸ್ಸು. ಎತ್ತಿಗೆ ಹೇಳಿದರೆ ಎತ್ತೂ ನಗುತ್ತದೆ.

ಇಲ್ಲಿ ನಡುಮನೆಯ ಪಕ್ಕದ ಕೋಣೆ ನಿನಗಾಗಿಯೇ ಖಾಲಿ ಇದೆ. ಮನೆ ಅಳಿಯನಾಗಿ ಬಾ ಎಂದು ಮದುವೆಯ ದಿನವೇ ಹೇಳಿದ್ದೆ. ಬೇಡ ಎಂದವನು ಈಗ ಹೆಂಡತಿ ಮಗುವನ್ನು ರಸ್ತೆ ಬದಿಗೆ ತಂದು ನಿಲ್ಲಿಸಲು ಹೊರಟಿದ್ದಾನೆ. ನಾನು ಬರುವುದಿಲ್ಲ.

ಅದರ ಅಚ್ಚು ಕಬ್ಬಿಣದ್ದೋ ಮರದ್ದೋ ಎಂದು ನೀನು ಬರೆದಿಲ್ಲ. ಅಷ್ಟೂ ನೋಡಿಲ್ಲ ಎಂದಾಯಿತು.

ಇಂತಿ ನಿನ್ನ ತಂದೆ,
ಪಿಳ್ಳಪ್ಪ


ನೆಲಮಂಗಲ
೧೮-೧೧-೧೯೭೩

ತೀರ್ಥರೂಪು ಅಪ್ಪನವರ ಪಾದಗಳಿಗೆ ಆದಿಲಕ್ಷ್ಮಿ ನಮಸ್ಕಾರ ಮಾಡಿ ಬರೆಯುವುದು.

ಅಚ್ಚು ಕಬ್ಬಿಣದ್ದು. ನಾಲ್ಕು ಟೈರಿನಲ್ಲಿ ಎರಡು ಹೊಸತು. ಗೋಡೆ ತಗಡಿನದು, ಒಳಗಡೆ ಹಲಗೆ ಹೊಡೆದಿದ್ದಾರೆ. ಎರಡು ಕಿಟಕಿಗೂ ಜಾಲರಿ ಇದೆ. ಗೋಡೆಗೆ ಮಡಿಸಿಡುವ ಮಂಚ, ಸ್ಟೌ ಇಡಲು ಕಟ್ಟೆ, ಪಾತ್ರೆ ಜೋಡಿಸಲು ಗೂಡು. ನಾನು ಒಳಗೆ ಹೋಗಿ ಐದು ನಿಮಿಷ ಸುಮ್ಮನೆ ನಿಂತಿದ್ದೆ. ಬಾಗಿಲು ಹಾಕಿಕೊಂಡರೆ ಮನೆಯೇ ಅಪ್ಪ, ಡಬ್ಬ ಅಲ್ಲ.

ನಿಮ್ಮ ಅಳಿಯ ಹೊರಗೆ ನಿಂತು ನರಸಿಂಹಯ್ಯನಿಗೆ ಕೇಳುವ ಹಾಗೇ, "ಬೋ ಚೆನ್ನಾಗೈತೆ ಕಣೇ, ನಮಗೇ ಮಾಡ್ಸಿದಂಗೈತೆ" ಎಂದರು. ನಾನು ಕಣ್ಣು ಬಿಟ್ಟು ನೋಡುವಷ್ಟರಲ್ಲಿ ನರಸಿಂಹಯ್ಯ ನಗುತ್ತಿದ್ದ. ಅದಕ್ಕೇ ನಿಮ್ಮನ್ನು ಕರೆದದ್ದು. ಸೌತೆಕಾಯಿಯ ಮಾತು ಅವರಿಗೆ ಓದಿ ಹೇಳಿದೆ, ಅವರೂ ನಕ್ಕರು. ಅವರಿಗೆ ಸಿಟ್ಟು ಬರುವುದಿಲ್ಲ, ಅದೊಂದು ಕೊರತೆ.

ನಮ್ಮ ಹತ್ತಿರ ಇರುವುದು ಒಂದೂವರೆ ಸಾವಿರ. ನಾಲ್ಕು ವರ್ಷದ ಉಳಿತಾಯ, ನನ್ನ ಹೊಲಿಗೆಯ ಕಾಸೂ ಸೇರಿ. ಅದಕ್ಕಿಂತ ಹೆಚ್ಚು ಕೊಡಲು ಆಗುವುದಿಲ್ಲ, ಸಾಲ ಮಾಡುವುದಿಲ್ಲ.

ಇಷ್ಟಕ್ಕೂ ಇದು ಶೋಕಿಗಲ್ಲ ಅಪ್ಪ. ಇವರು ಬಾಡಿಗೆ ಕೋಣೆಗೆ ಬರುವುದು ಹದಿನೈದು ದಿನಕ್ಕೆ ಒಂದು ಸಲ. ರೋಲರ್ ಬಿಟ್ಟು ದೂರ ಹೋಗುವ ಹಾಗಿಲ್ಲ. ಮಗುವಿಗೆ ಎಂಟು ತಿಂಗಳಾಯಿತು. ಹೋದ ಭಾನುವಾರ ಬಂದಾಗ ಇವರ ಮುಖ ನೋಡಿ ಕಿರುಚಿ ನನ್ನ ಸೆರಗಿನೊಳಗೆ ಸೇರಿಕೊಂಡಿತು. ಇವರು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಊಟಕ್ಕೆ ಕರೆದರೂ ಬೇಗ ಒಳಗೆ ಬರಲಿಲ್ಲ. ಮಗು ಇವರನ್ನು ಗುರುತು ಹಿಡಿಯಬೇಕು, ನನಗೆ ಬೇಕಾದದ್ದು ಅಷ್ಟೇ.

ಅಮ್ಮನಿಗೆ ಇದನ್ನು ಓದಿ ಹೇಳಿ: ಅಮ್ಮ, ಒಂದು ವಾರದ ಮಟ್ಟಿಗಾದರೂ ಬಂದು ಹೋಗು. ನಿನ್ನ ಕೈಯ ಊಟ ಮಾಡಬೇಕು ಅನ್ನಿಸಿದೆ.

ಇಂತಿ ನಿಮ್ಮ ಮಗಳು,
ಆದಿಲಕ್ಷ್ಮಿ


ಕುಂದಾಣ
೨೬-೧೧-೧೯೭೩

ಚಿ. ಸೌ. ಆದಿಲಕ್ಷ್ಮಿಗೆ ಆಶೀರ್ವಾದ.

ಮಾರುವವನ ಮುಂದೆ ಸರಕನ್ನು ಹೊಗಳುವ ಗಿರಾಕಿಯನ್ನು ನನ್ನ ಆಯುಸ್ಸಿನಲ್ಲಿ ನೋಡಿರಲಿಲ್ಲ. ನೋಡುವ ಭಾಗ್ಯ ಮಗಳ ಕಡೆಯಿಂದ ಬಂತು. "ನಮಗೇ ಮಾಡ್ಸಿದಂಗೈತೆ" ಎಂಬ ಒಂದು ಮಾತಿಗೆ ಐನೂರು ರೂಪಾಯಿ ಏರಿತು ಎಂದು ತಿಳಿದುಕೋ. ನಿನ್ನ ಗಂಡನ ಬಾಯಿ ಅವನ ರೋಲರಿನಷ್ಟು ನಿಧಾನವಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಬರುವುದಿಲ್ಲ ಎಂದ ಮೇಲೆ ಬರುವುದಿಲ್ಲ. ಆದರೆ ಪಿಳ್ಳಪ್ಪನ ಮಗಳು ಗುಜರಿಯವನ ಕೈಯಲ್ಲಿ ಮೋಸ ಹೋದಳು ಎಂದಾಗಬಾರದು. ಆದ್ದರಿಂದ ಹೇಳುತ್ತೇನೆ.

ಮಳೆ ಬಿದ್ದ ಮಾರನೇ ದಿನ ಹೋಗಿ. ಒಳಗೆ ಹೋಗಬೇಡ, ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಲ್ಲು. ರಾಮಾಂಜಿಗೆ ಹಲ್ಲುನೋವು ಎಂದು ಹೇಳಿ ಬಾಯಿಗೆ ಬಟ್ಟೆ ಕಟ್ಟಿಸು. ಅವನನ್ನು ಕೆಳಗೆ ತೂರಿಸಿ ಅಚ್ಚನ್ನು ಕಲ್ಲಿನಿಂದ ಕುಟ್ಟಿಸು. ಬಿರುಕು ಇದ್ದರೆ ಒಡಕು ಮಡಕೆಯ ಸದ್ದು ಬರುತ್ತದೆ. ಸದ್ದು ಚೆನ್ನಾಗಿದ್ದರೂ ತಲೆ ಅಲ್ಲಾಡಿಸಲಿ. ಛಾವಣಿ ಎಲ್ಲಿ ಸೋರಿದೆ ನೋಡಿ ಬೆರಳು ತೋರಿಸು, ಮಾತಾಡಬೇಡ. ಅವನು ಎಷ್ಟಕ್ಕೆ ಬೇಕು ಎಂದಾಗ ಸಾವಿರದಿನ್ನೂರು ಎನ್ನು. ಅವನು ಇಳಿಯುತ್ತಾನೆ. ಇಳಿದ ಮೇಲೂ ಒಪ್ಪಬೇಡ, ಎದ್ದು ಬಂದುಬಿಡು. ಹದಿನೈದು ದಿನ ಆ ಕಡೆ ತಲೆಯೇ ಹಾಕಬೇಡಿ. ಮುಖ್ಯವಾದದ್ದು ಇದೇ. ಎತ್ತಾಗಲಿ ಡಬ್ಬವಾಗಲಿ, ನಿಂತಷ್ಟು ದಿನ ಮಾರುವವನ ಹೊಟ್ಟೆ ಉರಿಯುತ್ತದೆ.

ಮಗು ಅಳುವುದೆಲ್ಲ ದೊಡ್ಡ ವಿಷಯವಲ್ಲ. ನನ್ನನ್ನು ನೋಡಿ ನೀನೂ ಅಳುತ್ತಿದ್ದೆ. ಅದರಿಂದ ನನಗೇನೂ ಆಗಲಿಲ್ಲ.

ನಿನ್ನ ಅಮ್ಮನಿಗೆ ಕಾಗದ ಓದಿ ಹೇಳಿದೆ. ಅವಳಿಗೆ ಇಲ್ಲಿ ಅವರೆ ಹೊಲದ ಕೆಲಸ.

ಇಂತಿ,
ಪಿಳ್ಳಪ್ಪ


ನೆಲಮಂಗಲ
೩-೧-೧೯೭೪

ಅಪ್ಪನವರಿಗೆ ಆದಿಲಕ್ಷ್ಮಿಯ ನಮಸ್ಕಾರ.

ನೀವು ಹೇಳಿದ ಹಾಗೆ ಒಂದನ್ನೂ ಬಿಡದೆ ಮಾಡಿದೆವು. ಡಿಸೆಂಬರಿನಲ್ಲಿ ಮಳೆಗೆ ಕಾದು ಕಾದು ಸಾಕಾಯಿತು, ಒಂದು ದಿನ ಜಡಿಮಳೆ ಬಂತು, ಮಾರನೇ ದಿನವೇ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಓಡಿದೆವು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಇವರು ಅಚ್ಚು ಕುಟ್ಟಿದರು. ಗಂಟೆಯ ಹಾಗೆ ಸದ್ದು ಬಂತು. ನರಸಿಂಹಯ್ಯ ಎರಡು ಸಾವಿರಕ್ಕೆ ಇಳಿದ. ಇನ್ನೊಂದು ಗಳಿಗೆ ನಿಂತಿದ್ದರೆ ಇನ್ನೂ ಇಳಿಯುತ್ತಿದ್ದನೇನೋ, ಅವನ ಮುಖ ಹಾಗೇ ಇತ್ತು. ಇವರು ಬಟ್ಟೆಯೊಳಗಿಂದಲೇ ನನ್ನ ಕಡೆ ನೋಡಿದರು. ನಾನು ನಿಮ್ಮ ಮಾತು ನೆನೆದು ಎದ್ದು ಬಂದೆ.

ಹದಿನೈದು ದಿನ ಕಳೆದು ನಿನ್ನೆ ಹೋದರೆ ಅದು ಕೈ ತಪ್ಪಿಹೋಗಿದೆ. ಯಾರೋ ಬಂದು ಎರಡು ಸಾವಿರಕ್ಕೇ ಒಪ್ಪಿಕೊಂಡು ಮುನ್ನೂರು ರೂಪಾಯಿ ಮುಂಗಡವಾಗಿ ಸಂಚಕಾರ ಕೊಟ್ಟು ಹೋಗಿದ್ದಾರಂತೆ. ಮಿಕ್ಕದ್ದನ್ನು ಶಿವರಾತ್ರಿಯೊಳಗೆ ತಂದುಕೊಟ್ಟು ಎಳೆದುಕೊಂಡು ಹೋಗುತ್ತಾರಂತೆ. "ಸಂಚಕಾರ ಈಸ್ಕೊಂಡ್ಮೇಲೆ ಮುಗೀತು ಕಣಮ್ಮ. ಗಡುವು ತೀರೋಗಂಟ ನೀನು ಮೂರು ಸಾವ್ರ ಕೊಟ್ರೂ ನಾನು ಕೈ ಚಾಚಲ್ಲ" ಎಂದ. ಯಾರು ಎಂದು ಕೇಳಿದರೆ, ಒಬ್ಬ ಗಿರಾಕಿಯ ವಿಷಯ ಇನ್ನೊಬ್ಬ ಗಿರಾಕಿಗೆ ಹೇಳುವ ಅಭ್ಯಾಸ ಇಲ್ಲ ಎಂದ.

ನನಗೆ ಬಹಳ ದುಃಖವಾಗಿದೆ ಅಪ್ಪ. ಎದ್ದು ಬಾ ಎಂದು ನೀವು ಹೇಳದಿದ್ದರೆ ಅವತ್ತೇ ಮುಗಿಯುತ್ತಿತ್ತು. ಇವರು ದಾಬಸ್‌ಪೇಟೆ ಕಡೆ ಕೆಲಸ ಶುರುವಾಯಿತು ಎಂದು ಬೆಳಿಗ್ಗೆಯೇ ರೋಲರ್ ಏರಿ ಹೊರಟುಹೋದರು. ಇನ್ನು ತಿಂಗಳಿಗೊಂದು ಸಲ ಬಂದರೆ ಹೆಚ್ಚು.

ಅಮ್ಮನಿಂದ ಒಂದು ಮಾತೂ ಬರಲಿಲ್ಲ. ಅವಳನ್ನು ಬಾ ಎಂದು ಬರೆದಿದ್ದೆ. ಮತ್ತೆ ಬರೆಯುತ್ತಿದ್ದೇನೆ, ಓದಿ ಹೇಳಿ.

ಇಂತಿ,
ಆದಿಲಕ್ಷ್ಮಿ


ಕುಂದಾಣ
೧೧-೧-೧೯೭೪

ಚಿ. ಸೌ. ಆದಿಲಕ್ಷ್ಮಿಗೆ ಆಶೀರ್ವಾದ.

ಹೋದದ್ದು ಹೋಯಿತು, ಒಳ್ಳೆಯದೇ ಆಯಿತು. ನಿಮ್ಮ ಹಣೆಯಲ್ಲಿ ಇರಲಿಲ್ಲ. ಎರಡು ಸಾವಿರ ಕೊಟ್ಟು ಅದನ್ನು ಕೊಂಡವನು ಯಾವನೋ ತಲೆಕೆಟ್ಟವನಿರಬೇಕು. ಎಡಗಡೆಯ ಹಿಂದಿನ ಗಾಲಿ ಒಳಕ್ಕೆ ಎಳೆಯುತ್ತದೆ, ಬಾಗಿಲಿನ ಹಸಿರು ಬಣ್ಣದ ಕೆಳಗೆಲ್ಲ ತುಕ್ಕು. ಎರಡು ಮಳೆಗಾಲ ತಡೆಯುವುದಿಲ್ಲ. ಅಂಥದ್ದಕ್ಕೆ ಅಳುತ್ತಾ ಕೂರುವವಳು ನನ್ನ ಹೊಟ್ಟೆಯಲ್ಲಿ ಹೇಗೆ ಹುಟ್ಟಿದೆಯೋ.

ನನ್ನ ಮಾತಿನಿಂದ ಕೆಟ್ಟಿತು ಎಂದು ಬರೆದಿದ್ದೀಯ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಬುದ್ಧಿ ಹೇಳಿದವನಿಗೆ ಬಯ್ಗುಳ, ರೋಲರ್ ಏರಿ ಓಡಿಹೋದವನಿಗೆ ಮರುಕ.

ಬಾಡಿಗೆ ಕೋಣೆ ಬಿಟ್ಟು ಮಗುವನ್ನು ಎತ್ತಿಕೊಂಡು ಇಲ್ಲಿಗೆ ಬಾ. ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ರಾಮಾಂಜಿಗೆ ಬೇಕಾದರೆ ಅವನೂ ಬರಲಿ. ಪಿಳ್ಳಪ್ಪನ ಮಗಳು ಗಟ್ಟಿ ಗೋಡೆಯೊಳಗೆ ಇರಬೇಕು. ನಿನ್ನ ಅಮ್ಮನಿಗೆ ಓದಿ ಹೇಳಿದೆ, ಅವಳ ಅಭಿಪ್ರಾಯವೂ ಇದೇ.

ಇಂತಿ,
ಪಿಳ್ಳಪ್ಪ


ದಾಬಸ್‌ಪೇಟೆ, ರಸ್ತೆ ಕ್ಯಾಂಪು
೫-೩-೧೯೭೪

ಅಮ್ಮ ಸೊಣ್ಣಮ್ಮನಿಗೆ ನಿನ್ನ ಮಗಳು ಆದಿಲಕ್ಷ್ಮಿ ಬರೆಯುವುದು.

ಈ ಕಾಗದವನ್ನು ಸ್ಕೂಲಿನ ಅನುಸೂಯಮ್ಮ ಮೇಡಮ್ಮನವರ ವಿಳಾಸಕ್ಕೆ ಹಾಕಿದ್ದೇನೆ. ಅವರು ಓದಿ ಹೇಳುತ್ತಾರೆ. ಅಪ್ಪನ ಕೈಗೆ ಕೊಡಬೇಡ. ಕೊಟ್ಟರೆ ಅವರಿಗೆ ಬೇಕಾದಷ್ಟೇ ನಿನಗೆ ಕೇಳಿಸುತ್ತದೆ. ಎರಡು ಸಲ ನಿನ್ನನ್ನು ಕರೆದೆ. ಕರೆದಿದ್ದು ನಿನಗೆ ಗೊತ್ತೇ ಇಲ್ಲ ಎಂದು ನನಗೆ ಈಗ ಅನ್ನಿಸುತ್ತಿದೆ.

ನಾವು ಆ ಗಾಲಿ ಮನೆ ಕೊಂಡೆವು. ಅದರೊಳಗೇ ಕೂತು ಬರೆಯುತ್ತಿದ್ದೇನೆ. ಹೇಗೆ ಕೊಂಡೆವು ಎಂದು ಹೇಳುತ್ತೇನೆ.

ಅಪ್ಪನ ಹೋದ ಕಾಗದದಲ್ಲಿ ಹಸಿರು ಬಾಗಿಲು ಎಂದಿತ್ತು. ನಾನು ಬಾಗಿಲಿನ ಬಣ್ಣವನ್ನು ಅವರಿಗೆ ಬರೆದೇ ಇರಲಿಲ್ಲ. ಎಡಗಡೆ ಗಾಲಿ ಒಳಕ್ಕೆ ಎಳೆಯುವುದು ನಮಗೇ ಗೊತ್ತಿರಲಿಲ್ಲ. ಅದನ್ನು ಹಿಡಿದುಕೊಂಡು ನೆಟ್ಟಗೆ ನರಸಿಂಹಯ್ಯನ ಹತ್ತಿರ ಹೋದೆ. ಅವನು ಶಿವರಾತ್ರಿ ಕಳೆಯಲಿ ಎಂದ. ಶಿವರಾತ್ರಿ ಕಳೆಯಿತು, ಸಂಚಕಾರ ಕೊಟ್ಟವರು ಬರಲಿಲ್ಲ. ಆಮೇಲೆ ಅವನೇ ಹೇಳಿ ಕಳಿಸಿದ.

"ಬೈರಪ್ಪ ಅಂತ ಹೆಸ್ರು ಹೇಳಿದ್ರು ಕಣಮ್ಮ, ದೇವನಹಳ್ಳಿ ಕಡೆಯೋರು" ಎಂದ. ಬೈರಪ್ಪ ನಮ್ಮ ತಾತನ ಹೆಸರು. ಸತ್ತ ತಂದೆಯ ಹೆಸರು ಇಟ್ಟುಕೊಂಡು ಮಗಳ ಮನೆ ತಪ್ಪಿಸಲು ಬಂದಿದ್ದಾರೆ. ಇಷ್ಟಕ್ಕೇ ಮುಗಿಯಲಿಲ್ಲ. ನರಸಿಂಹಯ್ಯ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಮೂವತ್ತು ವರ್ಷದಿಂದ ಗುಜರಿ ಮಾರ್ತಿದೀನಿ. ಆ ವಯ್ಯ ಬಂದು ನನ್ನ ಕೈ ಹಿಡ್ದು, ಮೇಲೆ ಟವೆಲ್ ಮುಚ್ಚಿ, ಬೆರಳು ಅಮುಕಿ ಬೆಲೆ ಹೇಳ್ತು. ಇಲ್ಲಿ ನಾವಿಬ್ರೇ ಇದೀವಿ, ಯಾರಿಗೆ ಮುಚ್ಚಿಡ್ತೀರ ಅಂದೆ. ಅಭ್ಯಾಸ ಅಂತು." ಇಡೀ ಜಿಲ್ಲೆಯಲ್ಲಿ ತಗಡಿನ ಡಬ್ಬವನ್ನು ಟವೆಲ್ಲಿನ ಕೆಳಗೆ ವ್ಯಾಪಾರ ಮಾಡುವವರು ಒಬ್ಬರೇ ಅಮ್ಮ. ನಾನು ಅಲ್ಲೇ ತಲೆ ತಗ್ಗಿಸಿದೆ. ಅವನು ಅರ್ಥ ಮಾಡಿಕೊಂಡು ಮುಂದೆ ಕೇಳಲಿಲ್ಲ. ಗುಜರಿಯವನಿಗೆ ಇದ್ದ ಮರ್ಯಾದೆ ಅಷ್ಟು.

ಹದಿನೈದು ದಿನ ಆ ಕಡೆ ತಲೆ ಹಾಕಬೇಡಿ ಎಂದು ನಮಗೆ ಬರೆದು, ಆ ಹದಿನೈದು ದಿನದಲ್ಲಿ ಬಸ್ಸು ಹತ್ತಿ ಬಂದು ಈ ಕೆಲಸ ಮಾಡಿದ್ದಾರೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ನಮ್ಮ ಕೋಣೆ ಇದ್ದದ್ದು ಅಲ್ಲಿಂದ ಮೂರು ಬೀದಿ ಆಚೆಗೆ. ಬಂದವರು ಮಗುವಿನ ಮುಖವನ್ನೂ ನೋಡದೆ ಹಿಂದಕ್ಕೆ ಹೋದರಲ್ಲ, ನನಗೆ ಮಿಕ್ಕ ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಅದಕ್ಕೆ.

ನಾವು ನೋಡಿ ಬಂದ ಮೇಲೆ ಅದು ನಮಗೆ ಸಿಗದಂತೆ ಮಾಡುವುದಕ್ಕೇ ಮುನ್ನೂರು ರೂಪಾಯಿ ಸುರಿದಿದ್ದಾರೆ. ಗಡುವಿಗೆ ಬರದಿದ್ದರೆ ಸಂಚಕಾರ ಮಾರುವವನದು. ಮೂವತ್ತೆಂಟು ವರ್ಷ ಊರಿಗೆಲ್ಲ ಅದನ್ನೇ ಹೇಳಿದವರಿಗೆ ಗೊತ್ತಿರಲಿಲ್ಲವೇ? ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ. ನರಸಿಂಹಯ್ಯ ನನ್ನನ್ನು ನೋಡಿ, "ಎರಡು ತಿಂಗಳು ಜಾಗ ತಿಂತು, ಹದಿನೆಂಟು ನೂರಕ್ಕೆ ತಗೊಂಡೋಗಿ. ಮುನ್ನೂರು ಆಗ್ಲೇ ಬಂದೈತೆ, ಮಿಕ್ಕಿದ್ದು ಕೊಡಿ" ಎಂದ. ಮಿಕ್ಕದ್ದು ಸರಿಯಾಗಿ ನಮ್ಮ ಒಂದೂವರೆ ಸಾವಿರ. ನಾವು ಚೌಕಾಸಿ ಮಾಡಲಿಲ್ಲ. ಇವರು ಮತ್ತೆ "ಬೋ ಚೆನ್ನಾಗೈತೆ" ಎಂದರು, ನಾನು ದುಡ್ಡು ಎಣಿಸಿ ಕೊಟ್ಟೆ.

ಅಪ್ಪನ ವ್ಯಾಪಾರದ ಚಾತುರ್ಯದ ಬಗ್ಗೆ ನನಗೆ ಇನ್ನು ಯಾವ ಅನುಮಾನವೂ ಇಲ್ಲ. ಅಳಿಯನಿಗೆ ಸೌತೆಕಾಯಿ ಕೊಳ್ಳಲು ಬರುವುದಿಲ್ಲ, ನಿಜ. ಮಾವನವರು ಕೊಂಡೂ ಇಲ್ಲ, ತಂದೂ ಇಲ್ಲ, ಕಾಸು ಕೊಟ್ಟು ಬರಿಗೈಯಲ್ಲಿ ಹೋಗಿದ್ದಾರೆ. ಅವರಿಗೆ ನಾನು ಇನ್ನು ಬರೆಯುವುದಿಲ್ಲ.

ನೆಲಮಂಗಲದಿಂದ ಇಲ್ಲಿಗೆ ರೋಲರಿನ ಹಿಂದೆ ಕಟ್ಟಿಕೊಂಡು ಬಂದೆವು. ಬೆಳಿಗ್ಗೆ ಹೊರಟು ಸಾಯಂಕಾಲ ಮುಟ್ಟಿದೆವು. ಲಾರಿಯವರು ಹಾರನ್ ಹೊಡೆದು ಬೈದುಕೊಂಡು ಹೋದರು. ನಾನು ಒಳಗೇ ಅನ್ನ ಮಾಡಿದೆ, ಒಂದು ತೊಟ್ಟು ಗಂಜಿ ಚೆಲ್ಲಲಿಲ್ಲ. ಮಗು ಈಗ ರೋಲರಿನ ಸದ್ದು ನಿಂತ ಕೂಡಲೇ ಬಾಗಿಲ ಕಡೆ ಅಂಬೆಗಾಲಿಡುತ್ತದೆ. ಇವರು ಎತ್ತಿಕೊಂಡರೆ ಮೀಸೆ ಹಿಡಿದು ಎಳೆಯುತ್ತದೆ, ಅಳುವುದಿಲ್ಲ.

ಬಾ ಅಮ್ಮ. ಇಬ್ಬರು ಮಲಗುವ ಮಂಚದಲ್ಲಿ ನಾನೂ ನೀನೂ ಮಗುವೂ ಮಲಗೋಣ. ಇವರಿಗೆ ಕೆಳಗೆ ಚಾಪೆ ಸಾಕು.

ಇಂತಿ ನಿನ್ನ ಮಗಳು,
ಆದಿಲಕ್ಷ್ಮಿ


ಕುಂದಾಣ
೧೪-೩-೧೯೭೪

ಆದಿಲಕ್ಷ್ಮಿಗೆ ನಿಮ್ಮಮ್ಮ ಸೊಣ್ಣಮ್ಮ ಹೇಳಿ ಬರೆಸ್ತಿರೋ ಕಾಗ್ದ. ಬರೀತಿರೋದು ನಿಮ್ಮಪ್ಪ. ನಾನೇ ಎದುರಿಗೆ ಕೂರಿಸ್ಕೊಂಡು ಬರೆಸ್ತಾ ಇದೀನಿ. ಮುಗಿದ ಮೇಲೆ ಅನುಸೂಯಮ್ಮ ಮೇಡಮ್ಮೋರು ಓದಿ ನೋಡ್ತಾರೆ. ಒಂದು ಮಾತು ಬಿಟ್ಟಿದ್ರೂ ಇನ್ನೊಂದು ಇನ್‌ಲ್ಯಾಂಡ್ ತರಿಸಿ ಮೊದಲಿಂದ ಬರೆಸ್ತೀನಿ ಅಂತ ಹೇಳಿವ್ನಿ.

ನಿನ್ನ ಕಾಗ್ದ ಮೇಡಮ್ಮೋರತ್ರ ಎರಡು ಸತಿ ಓದಿಸ್ದೆ. ನೀನು ನನ್ನ ಬಾ ಅಂದಿದ್ದು ನನ್ನ ಕಿವಿಗೆ ಬಿದ್ದೇ ಇರ್ಲಿಲ್ಲ. ಮದುವೆ ಆದ್ಮೇಲೆ ಮಗಳು ಅಮ್ಮನ್ನ ಮರೆತ್ಲು ಅಂತ ನಾಲ್ಕು ತಿಂಗಳಿಂದ ನಿನ್ನ ಮೇಲೆ ಮುನಿಸ್ಕೊಂಡಿದ್ದೆ. ಒಲೆ ಮುಂದೆ ಕೂತು ಅತ್ತಿದ್ದೂ ಉಂಟು. ಇದನ್ನ ಬರೀರಿ ಅಂದ್ರೆ ಪೆನ್ನು ಹಿಡ್ಕೊಂಡು ಸುಮ್ನೆ ಕೂತಿದ್ರು. ಈಗ ಬರೆದ್ರು.

ಯಾಕೆ ಹಿಂಗೆ ಮಾಡಿದ್ರಿ ಅಂತ ಕೇಳ್ದೆ. ಮಗಳು ರಸ್ತೇಲಿ ಬಿಡಾರ ಹಾಕಿದ್ರೆ ನಾನು ಸಂತೇಲಿ ತಲೆ ಎತ್ತೋದು ಹೆಂಗೆ ಅಂದ್ರು. ನಾನು ಈ ಮನೆಗೆ ಬಂದಾಗಿಂದ ವರ್ಷಕ್ಕೆ ಆರು ತಿಂಗಳು ಇವ್ರು ಎತ್ತಿನ ಹಿಂದೆ ಊರೂರು ಸುತ್ತೋರು. ಅಲ್ಲೆಲ್ಲ ಮರದ ಕೆಳಗೆ ತಾನೇ ಮಲಗ್ತಿದ್ದಿದ್ದು. ಆವಾಗ ಇವ್ರ ತಲೆ ನೆಟ್ಟಗೇ ಇತ್ತು. ನೀನು ಹುಟ್ಟಿದ್ದು ಇವ್ರಿಗೆ ತಿಳಿದಿದ್ದು ಇಪ್ಪತ್ತೆರಡು ದಿನ ಆದ್ಮೇಲೆ. ನನ್ನೂ ಜೊತೇಲಿ ಕರ್ಕೊಂಡು ಹೋಗಿ ಅಂತ ಒಂದೇ ಒಂದು ಸತಿ ಕೇಳಿದ್ದೆ. ಹೆಂಗಸ್ರನ್ನ ಕಟ್ಕೊಂಡು ಹೋಗೋನು ಗಂಡಸಾ ಅಂದ್ರು. ಆಮೇಲೆ ನಾನು ಕೇಳ್ಲಿಲ್ಲ. ನಾನು ಗಟ್ಟಿ ಗೋಡೆ ಒಳಗೇ ಇದ್ದೆ.

ರಾಮಾಂಜೀನ ಇವ್ರು ಬಾಯಿಗೆ ಬಂದಂಗೆ ಆಡ್ತಿದ್ರೆ ನಾನೂ ನಕ್ಕಿವ್ನಿ, ತೆಪ್ಪಾಯ್ತು. ಅವನು ಹೆಂಡ್ತಿ ಮಗೂನ ಬಿಟ್ಟಿರಕ್ಕಾಗ್ದೆ ಮನೇನೇ ಎಳ್ಕೊಂಡು ಹೋದ. ಅಂಥ ಗಂಡಸನ್ನ ನಾನು ಈ ಕಡೆ ನೋಡಿಲ್ಲ. ಹಂಗೇ ಬರೀರಿ ಅಂದೆ, ಹಂಗೇ ಬರೆದವ್ರೆ.

ಸೋಮವಾರ ಬೆಳಿಗ್ಗೆ ಬಸ್ಸಿಗೆ ಬರ್ತೀನಿ. ಎಷ್ಟು ದಿನ ಅಂತ ಹೇಳಲ್ಲ. ನಿಮ್ಮಪ್ಪಂಗೂ ಬರೋ ಆಸೆ ಐತೆ, ಕೇಳಕ್ಕೆ ಬಾಯಿ ಬರ್ತಿಲ್ಲ, ಮುಖ ನೋಡಿದ್ರೆ ಗೊತ್ತಾಗುತ್ತೆ. ನಾನೂ ಕರೀಲಿಲ್ಲ. ಗಂಡಸ್ರನ್ನ ಕಟ್ಕೊಂಡು ಹೋಗೋದು ನನಗೆ ಅಭ್ಯಾಸ ಇಲ್ಲ. ರಾಗಿ ಹಿಟ್ಟು ಮಡಕೇಲೈತೆ, ಎತ್ತಿಗೆ ಹುಲ್ಲು ಹಿತ್ಲಲ್ಲೈತೆ. ಮಾಡ್ಕೊಂಡು ಉಣ್ಲಿ.

ಹೇಳಿ ಬರೆಸಿದವಳು: ಸೊಣ್ಣಮ್ಮ, ಹೆಬ್ಬೆಟ್ಟಿನ ಗುರುತು
ಓದಿ ನೋಡಿದವರು: ಅನುಸೂಯಮ್ಮ, ಉಪಾಧ್ಯಾಯಿನಿ
ಬಿಕ್ಕಲಂ, ಬರೆದವನು: ಪಿಳ್ಳಪ್ಪ. ಅವಳು ಹೇಳಿದ್ದರಲ್ಲಿ ಒಂದು ಮಾತನ್ನೂ ಬಿಟ್ಟಿಲ್ಲ.